ಆಟೊ ಹತ್ತು, ಹಡಗು ಒಂದು

ಅಂಡಮಾನಿನ ಹ್ಯಾವ್ಲಾಕ್ ಜೆಟ್ಟಿಯಲ್ಲಿ ಹಡಗಿನಿಂದ ಇಳಿದಾಗ ನಾನು ನೋಡಿದ್ದು ನೀರನ್ನು. ಹಸಿರು ಅನ್ನೋಣವೆಂದರೆ ನೀಲಿ, ನೀಲಿ ಅನ್ನೋಣವೆಂದರೆ ಗಾಜು; ತಳದ ಮರಳು, ಅದರ ಮೇಲೆ ಓಡುವ ಮೀನಿನ ನೆರಳು ಎಲ್ಲವೂ ಕಾಣುತ್ತಿತ್ತು. ತಂಗಿಯ ಮಗ ನೋಡಿದ್ದು ಫೋನನ್ನು. "ದೊಡ್ಡಮ್ಮ, ನೆಟ್ಟೇ ಇಲ್ಲ!"

ಅದು 2018ರ ಜನವರಿ. ದ್ವೀಪಕ್ಕೆ ಸ್ವರಾಜ್ ದ್ವೀಪ ಎಂಬ ಹೆಸರು ಬಂದದ್ದು ಅದೇ ವರ್ಷದ ಕೊನೆಗೆ. ನಾವು ಇಳಿದುಕೊಂಡ ಲಾಡ್ಜು ಅಡಿಕೆ ತೋಟದ ನಡುವೆ ಇತ್ತು. ಸಾಗರದ ಕಡೆಯವಳಾದ ನನಗೆ ಸಮುದ್ರ ದಾಟಿ ಇಷ್ಟು ದೂರ ಬಂದು ಮತ್ತೆ ಅಡಿಕೆ ಮರಗಳನ್ನೇ ಕಂಡು ನಗುವೇ ಬಂತು. ಲಾಡ್ಜಿನ ಯಜಮಾನರು ಬಂಗಾಳಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಈ ದ್ವೀಪದಲ್ಲಿ ನೆಲೆ ಕಂಡವರ ಮಗ.

ಕೋಣೆಯ ಹೊರಗೇ ಗೋಡೆಗೆ ವೈಫೈ ಡಬ್ಬಿ ನೇತುಹಾಕಿದ್ದರು. ಹುಡುಗ ಪಾಸ್‌ವರ್ಡ್ ಹಾಕಿ, ಫೋನಿನ ಸೆಟ್ಟಿಂಗಿನಲ್ಲಿ ಏನನ್ನೋ ನೋಡಿ, ಮಂಚದಿಂದ ಎದ್ದು ನಿಂತ. "433 ಎಂಬಿಪಿಎಸ್! ನಮ್ಮ ಬೆಂಗಳೂರಿನ ಮನೆಯಲ್ಲೂ ಇಷ್ಟಿಲ್ಲ." ಮಧ್ಯಾಹ್ನ ರಾಧಾನಗರ ಬೀಚಿನಲ್ಲಿ ತೆಗೆದ ಒಂದೇ ಒಂದು ಫೋಟೊವನ್ನು ಅವನ ಅಮ್ಮನಿಗೆ ಕಳಿಸಿದ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಊಟಕ್ಕೆ ಹೋದೆವು, ಬಂದೆವು. ಇನ್ನೂ ತಿರುಗುತ್ತಲೇ ಇತ್ತು. ಬೇಸತ್ತು ಅವನು ಅದೇ ವೈಫೈ ಮೂಲಕ ಫೋನಿನ ಫೋಟೊಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ಸಾಗಿಸಿದ. ಒಂದು ಜಿಬಿಯಷ್ಟಿದ್ದ ಗಂಟು ಒಂದೂವರೆ ನಿಮಿಷದಲ್ಲಿ ಬಂದು ಬಿತ್ತು!

ಇದೇನು ವಿಚಿತ್ರ? ಅಲ್ಲೇ ಪಕ್ಕದ ಮೇಜಿಗೆ ಸಾವಿರ ಫೋಟೊ ಹಾರುತ್ತದೆ, ಬೆಂಗಳೂರಿಗೆ ಒಂದೂ ಹೋಗದು.

ಯಜಮಾನರನ್ನು ಕೇಳಿದೆ. ಅವರು ಜೆಟ್ಟಿಯ ಕಡೆ ಕೈ ತೋರಿಸಿದರು. "ದೀದಿ, ಇಲ್ಲಿ ಆಟೊಗೇನು ಬರ? ಕೂಗಿದರೆ ಹತ್ತು ಬರುತ್ತವೆ. ಗಾಳಿಯ ಹಾಗೆ ಜೆಟ್ಟಿಗೆ ಒಯ್ದು ಬಿಡುತ್ತವೆ. ಆಮೇಲೆ? ಒಂದೇ ಹಡಗು. ಸಾಲಿನಲ್ಲಿ ನಿಲ್ಲಲೇಬೇಕು."

ಇಂಜಿನಿಯರುಗಳಿಂದಲೂ ಇಷ್ಟು ಸಲೀಸಾದ ಪಾಠ ನಾನು ಕೇಳಿಲ್ಲ. ಫೋನು ತೋರಿಸಿದ 433 ಎಂಬುದು ಆಟೊದ ವೇಗ. ಫೋನಿಗೂ ಗೋಡೆಯ ಡಬ್ಬಿಗೂ ನಡುವಿನ ಮಾತುಕತೆ ಅಷ್ಟೆ. ಅದೂ ಕಾಗದದ ಮೇಲಿನ ಲೆಕ್ಕ. ನಿಜಕ್ಕೆ ಸಿಗುವುದು ಅರ್ಧದಷ್ಟು. ಡಬ್ಬಿಯಿಂದಾಚೆಗೆ ದಾರಿ ಹೇಗಿದೆ ಎಂಬುದು ಆ ಸಂಖ್ಯೆಗೆ ಗೊತ್ತೇ ಇಲ್ಲ.

ಆಚೆಗಿನ ದಾರಿಯೋ, ಆಕಾಶಕ್ಕೇ ಹೋಗಿ ಬರುತ್ತಿತ್ತು. ಅಂಡಮಾನಿನ ಇಂಟರ್ನೆಟ್ ಆಗ ಉಪಗ್ರಹವನ್ನು ನಂಬಿಕೊಂಡಿತ್ತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ. ಹುಡುಗ ಒಂದು ಗುಂಡಿ ಒತ್ತಿದರೆ ಆ ಕೋರಿಕೆ ಅಷ್ಟೆತ್ತರ ಏರಿ ಇಳಿಯಬೇಕು, ಉತ್ತರವೂ ಏರಿ ಇಳಿಯಬೇಕು. ಬೆಳಕಿನ ವೇಗದಲ್ಲೇ ಓಡಿದರೂ ಅರ್ಧ ಸೆಕೆಂಡು ಹಿಡಿಯುತ್ತದೆ. ಅರ್ಧ ಸೆಕೆಂಡನ್ನಾದರೂ ಸಹಿಸಬಹುದು. ದೊಡ್ಡ ಕಷ್ಟ ಬೇರೆಯೇ: ಅಲ್ಲಿನ ಸುಮಾರು ನಾಲ್ಕು ಲಕ್ಷ ಜನ, ಮೇಲೆ ನಮ್ಮಂಥ ಪ್ರವಾಸಿಗರು, ಆಕಾಶದ ಆ ಸಣ್ಣ ದಾರಿಯನ್ನೇ ಹಂಚಿಕೊಳ್ಳಬೇಕಿತ್ತು.

ಆ ರಾತ್ರಿ ಚಂದ್ರ ಇರಲಿಲ್ಲ. ದಡದ ನೀರಿಗೆ ಕೈ ಹಾಕಿದರೆ ಬೆರಳ ಸಂದಿಯಲ್ಲಿ ನೀಲಿ ಬೆಳಕು ಚೆಲ್ಲಿತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕದಡಿದಾಗ ಬೆಳಗುತ್ತವಂತೆ. ಫೋನು ಮರೆತು ಹುಡುಗ ಮೊಣಕಾಲುದ್ದ ನೀರಿನಲ್ಲಿ ಕಾಲಾಡಿಸುತ್ತ ನಿಂತ.

ಐದು ವರ್ಷ ಬಿಟ್ಟು, 2023ರಲ್ಲಿ ಮತ್ತೆ ಹೋದೆವು. ಅದೇ ಲಾಡ್ಜು, ಅದೇ ಅಡಿಕೆ ಮರ. ಹುಡುಗನಿಗೆ ಮೀಸೆ ಬಂದಿತ್ತು, ಹೊಸ ಫೋನೂ ಬಂದಿತ್ತು. ಗೋಡೆಯ ಡಬ್ಬಿ ಮಾತ್ರ ಹಳೆಯದೇ, ಮೇಲೊಂದು ಹಲ್ಲಿ ಕೂಡ. ಸಂಖ್ಯೆಯೂ ಅದೇ 433. ಫೋಟೊ ಕಳಿಸಿದ, ಬೆರಳು ತೆಗೆಯುವಷ್ಟರಲ್ಲಿ ಹೋಗಿಯೇಬಿಟ್ಟಿತು.

ಬದಲಾದದ್ದು ಸಮುದ್ರದ ತಳ. 2018ರ ಡಿಸೆಂಬರ್ 30ರಂದು ಶಂಕುಸ್ಥಾಪನೆಯಾಗಿ, 2020ರ ಆಗಸ್ಟ್ 10ರಂದು ಉದ್ಘಾಟನೆಯಾದ ಕೇಬಲ್ ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ (ಈಗ ಅದು ಶ್ರೀ ವಿಜಯಪುರಂ), ಅಲ್ಲಿಂದ ಸ್ವರಾಜ್ ದ್ವೀಪ, ಕಾರ್ ನಿಕೋಬಾರ್, ಗ್ರೇಟ್ ನಿಕೋಬಾರ್ ಮುಂತಾದ ದ್ವೀಪಗಳಿಗೆ ಚಾಚಿದೆ. ಒಟ್ಟು ಉದ್ದ ಸುಮಾರು 2,300 ಕಿಲೋಮೀಟರ್. ಒಳಗಿರುವುದು ಕೂದಲೆಳೆಯಂಥ ಗಾಜು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಚೆನ್ನೈ ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಸಂಜೆ ದಡದಲ್ಲಿ ನಿಂತಾಗ ನನಗೆ ಅದೇ ಧ್ಯಾನ: ಕಾಲ ಬಳಿ ಹೊಳೆಯುವ ಬೆಳಕು, ಅದರಾಚೆ ಸೂರ್ಯನೇ ತಲುಪದ ಆಳದಲ್ಲಿ, ಗಾಜಿನೊಳಗೆ ಯಾರದೋ ಮನೆಯ ಮಗುವಿನ ಮುಖ ಹೊತ್ತು ಓಡುವ ಇನ್ನೊಂದು ಬೆಳಕು.

"ಈಗ ಹಡಗಲ್ಲ ದೀದಿ, ಸೇತುವೆಯೇ ಆಯಿತು," ಎಂದರು ಯಜಮಾನರು.

ಬೆಂಗಳೂರಿಗೆ ಮರಳಿದ ಮೇಲೆ ನಮ್ಮ ಮನೆಯ ನೆಟ್ಟನ್ನು ಹುಡುಗ ಪರೀಕ್ಷಿಸಿದ. ತಿಂಗಳಿಗೆ ದುಡ್ಡು ಕೊಡುವುದು 300 ಎಂಬಿಪಿಎಸ್‌ಗೆ. ನನ್ನ ಹಿಂದಿನ ಕೋಣೆಯಲ್ಲಿ ಸಿಗುತ್ತಿದ್ದದ್ದು 22. ಕಂಪನಿಯವರನ್ನು ಬೈಯಲು ಫೋನೆತ್ತಿದೆ. "ತಡಿ ದೊಡ್ಡಮ್ಮ," ಎಂದು ಅವನು ಲ್ಯಾಪ್‌ಟಾಪನ್ನು ಡಬ್ಬಿಯ ಬಳಿಗೊಯ್ದು ವೈರು ಚುಚ್ಚಿದ. 290! ಅಂಡಮಾನಿನ ಕಥೆ ಇಲ್ಲಿ ತಿರುಗುಮುರುಗು: ಹಡಗು ಬಾಗಿಲಿಗೇ ಬಂದು ನಿಂತಿದೆ, ಒಳಗೆ ಆಟೊ ಓಡುತ್ತಿಲ್ಲ. ಅಡ್ಡ ನಿಂತದ್ದು ಎರಡು ಕಾಂಕ್ರೀಟ್ ಗೋಡೆ ಮತ್ತು ನಮ್ಮ ಕಬ್ಬಿಣದ ಬೀರು. ಡಬ್ಬಿಯನ್ನು ನಡುಮನೆಗೆ ತಂದಿಟ್ಟೆವು, ಹಿಂದಿನ ಕೋಣೆಗೆ 140 ಬಂತು.

ನಿಮ್ಮ ಮನೆಯಲ್ಲೂ ನೆಟ್ಟು ನಿಧಾನವೇ? ದೂರು ಕೊಡುವ ಮುಂಚೆ ಡಬ್ಬಿಯ ಪಕ್ಕ ಕೂತು, ವೈರು ಹಾಕಿ ಒಮ್ಮೆ ಅಳೆದು ನೋಡಿ. ಬೀರು ಎಲ್ಲಿದೆ ಅಂತಲೂ ನೋಡಿ.