ಒಂದು ಗೇಣಿನ ವಿಮಾನ



ಮೊನ್ನೆ ಹಾಕಿದ ವಿಮಾನದ ಫೋಟೋ ನೋಡಿ ತುಂಬ ಜನ ಇನ್‌ಬಾಕ್ಸಿಗೆ ಬಂದ್ರಿ. "ಅಣ್ಣ, ಇದನ್ನ ನೀವೇ ಮಾಡಿದ್ದಾ?" ಅಂತ ಕೆಲವರು. "ಒಳಮೀಸಲಾತಿ ಬಗ್ಗೆ ಬರೀರಿ ಅಂದ್ರೆ ಆಟದ ಸಾಮಾನಿನ ಫೋಟೋ ಹಾಕ್ತಾ ಕೂತಿದ್ದೀರಲ್ಲ" ಅಂತ ಒಬ್ಬ ಸಂಗಾತಿ ಬೈದಿದ್ದಾರೆ. ಬೈದಿದ್ದಕ್ಕೆ ಬೇಜಾರಿಲ್ಲ, ಸಲಿಗೆ ಇರೋರೇ ಬೈಯೋದು. ಒಬ್ಬೊಬ್ಬರಿಗೂ ಉತ್ತರ ಬರೆಯೋಕೆ ಆಗಲ್ಲ, ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ಹೌದು, ನಾನೇ ಮಾಡಿದ್ದು. ಹದಿನಾಲ್ಕು ತಿಂಗಳು ಹಿಡೀತು.

ವಿಮಾನದ ಹೆಸರು ಎಚ್‌ಎಫ್-24 ಮಾರುತ್. ನಮ್ಮ ದೇಶದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧ ವಿಮಾನ. ತಯಾರಾಗಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಕುರ್ಟ್ ಟ್ಯಾಂಕ್ ಅನ್ನೋ ಜರ್ಮನ್ ಎಂಜಿನಿಯರ್ 1956ರಲ್ಲಿ ಬಂದು, ಇಲ್ಲಿಯವರ ಜೊತೆ ಕೂತು ವಿನ್ಯಾಸ ಮಾಡಿದ್ರು. 1961ರ ಜೂನ್ 17ರಂದು ಸುರಂಜನ್ ದಾಸ್ ಇದನ್ನ ಮೊದಲ ಸಲ ಹಾರಿಸಿದ್ರು. ಮುಂದೆ 1970ರಲ್ಲಿ ಇದೇ ಮಾರುತ್ ಹಾರಿಸ್ತಾ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಲ್ಲಿ ಹಳೇ ಮದ್ರಾಸ್ ರಸ್ತೆಯಿಂದ ಹಳೇ ಏರ್‌ಪೋರ್ಟ್ ರಸ್ತೆ ಕಡೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ನಮ್ಮಲ್ಲಿ ಎಷ್ಟೋ ಜನ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡಿದ್ದೀವಿ. ಆ ಹೆಸರು ಯಾರದ್ದು ಅಂತ ನನಗೆ ಗೊತ್ತಾಗಿದ್ದೇ ಈ ಕಿಟ್ ಕೈಗೆ ಬಂದಮೇಲೆ.

ಕಿಟ್ ಬಂದಿದ್ದು ಹೀಗೆ. ಹೋದ ವರ್ಷ ಬೈಕ್ ಜಾರಿ ಕಾಲು ಮುರಿದುಕೊಂಡು ಎರಡು ತಿಂಗಳು ಮನೇಲಿ ಬಿದ್ದಿದ್ದೆ. ಧರಣಿ ಇಲ್ಲ, ಸಭೆ ಇಲ್ಲ, ಫೋನ್ ನೋಡಿ ನೋಡಿ ತಲೆ ಕೆಟ್ಟಿತ್ತು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನಮ್ಮ ಹುಡುಗ ಒಬ್ಬ ನೋಡೋಕೆ ಬಂದವನು ಒಂದು ಡಬ್ಬಿ ಇಟ್ಟು ಹೋದ. "ಅಣ್ಣ, ನೀವು ಚಿಕ್ಕವರಿದ್ದಾಗಿನ ವಿಮಾನದ ಕಥೆ ಹೇಳಿದ್ರಲ್ಲ, ಅದಕ್ಕೆ" ಅಂದ.

ಆ ಕಥೆ ನಿಮಗೂ ಹೇಳಬೇಕು.

1988. ನಾನು ಏಳನೇ ಕ್ಲಾಸು. ನಮ್ಮಪ್ಪ ಮಂಡ್ಯದಲ್ಲಿ ಒಂದು ಲಾರಿ ಗ್ಯಾರೇಜಲ್ಲಿ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡ್ತಿದ್ರು. ಸ್ಕೂಲಲ್ಲಿ ವಿಜ್ಞಾನ ವಸ್ತು ಪ್ರದರ್ಶನ ಅಂದಾಗ, ಗ್ಯಾರೇಜಿನ ಚೂರುಪಾರು ತಗಡು ತಂದು ನಾನೊಂದು ವಿಮಾನ ಮಾಡಿದೆ. ಅಪ್ಪನೇ ಬೆಳ್ಳಿ ಬಣ್ಣ ಹೊಡೆದುಕೊಟ್ರು. ಮೇಷ್ಟ್ರು ನೋಡಿ "ಚೆನ್ನಾಗಿದೆ" ಅಂತ ಮುಂದಿನ ಮೇಜಿನ ಮೇಲೆ ಇಡಿಸಿದ್ರು. ಅತಿಥಿಗಳು ಬರೋ ಹೊತ್ತಿಗೆ ಆ ಮೇಜಿನ ಹಿಂದೆ ಊರೊಳಗಿನ ಒಬ್ಬ ಹುಡುಗನ್ನ ನಿಲ್ಲಿಸಿದ್ರು. ವಿವರಿಸೋದು ಅವನು. ನಾನು ವಿಮಾನದ ರೆಕ್ಕೆ ಸರಿಮಾಡೋಕೆ ಕೈ ಚಾಚಿದೆ. "ಏಯ್, ಮುಟ್ಬೇಡ. ನೀನು ಹೋಗಿ ಕುರ್ಚಿ ಜೋಡ್ಸು" ಅಂದ್ರು.

ಅಷ್ಟೇ. ಹೊಡೀಲಿಲ್ಲ, ಜಾತಿ ಹೆಸರು ಹಿಡಿದು ಬೈಲಿಲ್ಲ. ಆಮೇಲೆ ನಾನು ಎಷ್ಟು ಅಟ್ರಾಸಿಟಿ ಕೇಸುಗಳ ಹಿಂದೆ ಓಡಾಡಿದ್ದೀನಿ, ಅವುಗಳ ಮುಂದೆ ಇದು ಏನೂ ಅಲ್ಲ. ಆದರೂ ನಾನೇ ಮಾಡಿದ್ದನ್ನ ನಾನೇ ಮುಟ್ಟಬಾರದು ಅನ್ನೋದು ಹನ್ನೆರಡು ವರ್ಷದ ತಲೆಗೆ ಅರ್ಥ ಆಗಲಿಲ್ಲ. ಬಹುಮಾನ ಬಂತು. ವಿಮಾನ ಹೆಡ್‌ಮಾಸ್ಟರ್ ರೂಮಿನ ಬೀರು ಸೇರಿತು. ನನ್ನ ಕೈಗೆ ವಾಪಸ್ ಬರಲೇ ಇಲ್ಲ.

ಈಗ ಕಿಟ್ ವಿಷಯಕ್ಕೆ ಬರೋಣ. ನಿಜವಾದ ಮಾರುತ್ ಸುಮಾರು 16 ಮೀಟರ್ ಉದ್ದ. ನನ್ನ ಕಿಟ್ ಅದರ 72ನೇ ಒಂದು ಭಾಗ, ಅಂದ್ರೆ 22 ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಒಂದು ಗೇಣು. ಒಂದು ಗೇಣು ತಾನೇ, ಒಂದು ವಾರದ ಕೆಲಸ ಅಂದುಕೊಂಡೆ.

ದೊಡ್ಡ ಕಂಪನಿಗಳ ಕಿಟ್ಟಲ್ಲಿ ಭಾಗಗಳು ಒಂದಕ್ಕೊಂದು ತಾವಾಗೇ ಕೂರುತ್ತವೆ. ಒಂದು ಕಡೆ ಗೂಟ, ಇನ್ನೊಂದು ಕಡೆ ತೂತು. ಮಾರುತ್ ಕೊಳ್ಳೋರು ಕಮ್ಮಿ, ಹಾಗಾಗಿ ಇದು ಯಾರೋ ಸಣ್ಣ ತಯಾರಕರು ಸ್ವಲ್ಪವೇ ಮಾಡಿದ ಕಿಟ್. ಗೂಟವೂ ಇಲ್ಲ, ತೂತೂ ಇಲ್ಲ. ಪ್ಲಾಸ್ಟಿಕ್ ದಪ್ಪ, ಅಂಚಿನ ತುಂಬ ಬೇಡದ ಪೊರೆ. ರೆಕ್ಕೆಗೂ ಮೈಗೂ ನಡುವೆ ಉಗುರು ತೂರೋಷ್ಟು ಸಂದು. ಚಕ್ರ, ಸೀಟು ಇಂಥವು ರೆಸಿನ್‌ನಲ್ಲಿ. ಅದಕ್ಕೆ ಪ್ಲಾಸ್ಟಿಕ್ ಅಂಟು ಹಿಡಿಯಲ್ಲ, ಫೆವಿಕ್ವಿಕ್ ಥರದ್ದೇ ಬೇಕು. ಅದನ್ನ ಉಜ್ಜಿದರೆ ಬರೋ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕ್ಕೊಂಡು ನೀರಲ್ಲೇ ಉಜ್ಜಬೇಕು. ಪೈಲಟ್ ಕೂರೋ ಜಾಗದ ಗಾಜಿನ ಮುಚ್ಚಳ ತೆಳ್ಳನೆ ಪಾರದರ್ಶಕ ಹಾಳೆಯಲ್ಲಿ ಅಚ್ಚು ಒತ್ತಿದ್ದು, ಕತ್ತರಿಸಿ ತೆಗೀಬೇಕು. ಎರಡು ಕೊಟ್ಟಿದ್ದರು. ಮೊದಲನೇದು ಕತ್ತರಿಸುವಾಗ್ಲೇ ಸೀಳಿಹೋಯ್ತು. ಎರಡನೇದಕ್ಕೆ ಬ್ಲೇಡ್ ಇಡೋಕೆ ಹದಿನೈದು ದಿನ ಧೈರ್ಯ ಬರಲಿಲ್ಲ.

ಇನ್ನೊಂದು ಕಥೆ ಕೇಳಿ. ಈ ವಿಮಾನಕ್ಕೆ ಮೂತಿ ಕೆಳಗೆ ಒಂದು ಚಕ್ರ, ಹಿಂದೆ ಎರಡು. ಮೂತಿ ಒಳಗೆ ಭಾರ ಇಡದಿದ್ರೆ ಬಾಲ ಊರಿಕೊಂಡು ಕೂತುಬಿಡುತ್ತೆ. ನಾನು ಮೀನಿನ ಗಾಳಕ್ಕೆ ಕಟ್ಟೋ ಸೀಸದ ಗುಂಡು ಎರಡು ಹಾಕಿ, ಮೈ ಎರಡೂ ಭಾಗ ಅಂಟಿಸಿ, ಪುಟ್ಟಿ ಬಳಿದು, ಉಜ್ಜಿ ಎಲ್ಲ ಮುಗಿಸಿದ ಮೇಲೆ ನಿಲ್ಲಿಸಿ ನೋಡಿದರೆ ಆಕಾಶ ನೋಡ್ತಾ ಕೂತಿದೆ. ಬಿಚ್ಚಬೇಕಾಯ್ತು. ಬಿಚ್ಚುವಾಗ ಬಿರುಕು ಬಿಡ್ತು. ಅವತ್ತು ಡಬ್ಬಿ ಮುಚ್ಚಿ ಅಟ್ಟಕ್ಕೆ ಹಾಕಿದವನು ನಾಲ್ಕು ತಿಂಗಳು ತೆಗೀಲಿಲ್ಲ. ಅಷ್ಟೊತ್ತಿಗೆ ಕಾಲೂ ಸರಿಹೋಗಿತ್ತು, ಮತ್ತೆ ಹೋರಾಟ, ಓಡಾಟ.

ಮತ್ತೆ ತೆಗೆಸಿದ್ದು ಅಪ್ಪ.

ಅಪ್ಪನಿಗೆ ಈಗ ಎಪ್ಪತ್ತಾರು. ಕೈ ನಡುಗುತ್ತೆ. ಅಟ್ಟದಲ್ಲಿ ಏನೋ ಹುಡುಕಿಸುವಾಗ ಡಬ್ಬಿ ಕೆಳಗೆ ಬಂತು. ತೆಗೆದು ನೋಡಿದವರು "ಏನ್ಲಾ ಇದು, ಪುಟ್ಟಿನ ಸಗಣಿ ಸಾರ್ಸಿದಂಗೆ ಬಳ್ದಿದ್ದೀಯ" ಅಂದ್ರು.

"ಸಂದು ಮುಚ್ತಾನೇ ಇಲ್ಲ ಕಣಪ್ಪ" ಅಂದೆ.

"ಒಂದೇ ಸಲಕ್ಕೆ ತುಂಬಕ್ಕೆ ಹೋದ್ರೆ ಎಲ್ಲಿ ಮುಚ್ತದೆ? ವಸಿ ಬಳಿ, ಒಣಗ್ಲಿ. ಉಜ್ಜು. ಆಮೇಕೆ ಇನ್ನೊಂದ್ ವಸಿ."

ಆಮೇಲೆ ಅವರು ಹೇಳಿಕೊಟ್ಟಿದ್ದು ಲಾರಿ ಬಾಡಿಯ ವಿದ್ಯೆ. ಪುಟ್ಟಿ ಮೇಲೆ ಬೇರೆ ಬಣ್ಣವನ್ನ ಹೊಗೆ ಆಡಿಸಿದ ಹಾಗೆ ತೆಳ್ಳಗೆ ಹೊಡೀಬೇಕು. ಒಣಗಿದ ಮೇಲೆ ವಾಟರ್ ಪೇಪರಲ್ಲಿ ಉಜ್ಜಬೇಕು. ಉಬ್ಬಿರೋ ಕಡೆ ಬಣ್ಣ ಹೋಗುತ್ತೆ, ತಗ್ಗಿರೋ ಕಡೆ ಉಳಿಯುತ್ತೆ. ಉಳಿದ ಕಡೆ ಮತ್ತೆ ಪುಟ್ಟಿ. ಮಾರುತ್‌ಗೆ ಇದು ಬೇಕೇ ಬೇಕು. ಯಾಕಂದ್ರೆ ರೆಕ್ಕೆ ಸೇರೋ ಜಾಗದಲ್ಲಿ ಅದರ ಮೈ ಸೊಂಟದ ಹಾಗೆ ಸಣ್ಣಗಾಗುತ್ತೆ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿ ತಡೆಯೋದು ಕಮ್ಮಿ ಆಗಲಿ ಅಂತ ಮಾಡಿರೋ ಆಕಾರ ಅದು. ಹೊರಕ್ಕೂ ಒಳಕ್ಕೂ ಬಾಗಿರೋ ಆ ಜಾಗದಲ್ಲೇ ನನ್ನ ಸಂದು ಇದ್ದಿದ್ದು.

"ಸರಿಯಾಯ್ತಾ ಅಂತ ಹೆಂಗೆ ಗೊತ್ತಾಗೋದು?" ಅಂತ ಕೇಳಿದೆ.

"ಕಣ್ಣ್ ಮುಚ್ಕಂಡು ಕೈ ಆಡ್ಸು. ಕಣ್ಣು ಮೋಸ ಮಾಡ್ತದೆ ಕಲಾ, ಕೈ ಮಾಡಕಿಲ್ಲ."

ನಡುಗೋ ಬೆರಳನ್ನ ಆ ಸೊಂಟದ ಮೇಲೆ ಆಡಿಸಿ, "ಇಲ್ಲಿ ಇನ್ನೂ ಅದೆ" ಅಂತ ತೋರಿಸಿದ್ರು. ನನಗೆ ಕಾಣಲಿಲ್ಲ. ಬಣ್ಣ ಹೊಡೆದು ಉಜ್ಜಿದರೆ ಸರಿಯಾಗಿ ಅಲ್ಲೇ ಕೂದಲೆಳೆಯಷ್ಟು ಗೆರೆ.

ಒಂದು ದಿನ ಇಬ್ಬರೂ ಬೆಂಗಳೂರಿಗೆ ಹೋಗಿ ಎಚ್‌ಎಎಲ್ ಮ್ಯೂಸಿಯಮ್ಮಲ್ಲಿ ನಿಜವಾದ ಮಾರುತ್ ನೋಡಿ ಬಂದ್ವಿ. ನಾನು ಚಕ್ರದ ಫೋಟೋ ತೆಗೀತಾ ಇದ್ದೆ. ಅಪ್ಪ ರೆಕ್ಕೆಯ ಹತ್ತಿರ ನಿಂತು ತಗಡಿನ ಸಾಲು ಸಾಲು ರಿವೆಟ್ಟುಗಳನ್ನೇ ನೋಡ್ತಾ ಇದ್ರು. "ಇದ್ನ ಎಷ್ಟ್ ಜನ ಹೊಡ್ದಿರ್ಬೇಕ್ಲಾ?" ಅಂದ್ರು.

ಸಂಗಾತಿಗಳೇ, ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಮಾರುತ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಕುರ್ಟ್ ಟ್ಯಾಂಕ್ ಬಗ್ಗೆ ಇದೆ. ಹಾರಿಸಿದವರ ಬಗ್ಗೆ ಇದೆ. ಜೆಟ್ ತಯಾರಾಗೋ ಮೊದಲು, 1959ರಲ್ಲಿ, ಇದೇ ಅಳತೆಯ ಎಂಜಿನ್ ಇಲ್ಲದ ಮರದ ವಿಮಾನ ಮಾಡಿ, ಡಕೋಟಕ್ಕೆ ಕಟ್ಟಿ ಎಳೆಸಿ ಹಾರಿಸಿ ನೋಡಿದ್ರು ಅಂತಲೂ ಇದೆ. ಆ ಮರ ಕೆತ್ತಿದವರು ಯಾರು? ಒಟ್ಟು 147 ಮಾರುತ್ ತಯಾರಾದವು. ಅಷ್ಟಕ್ಕೂ ರಿವೆಟ್ ಹೊಡೆದವರು, ತಗಡು ಬಾಗಿಸಿದವರು, ಬಣ್ಣ ಹೊಡೆದವರು ಯಾರು? ನಾನು ಓದಿದ್ದರಲ್ಲಿ ಅವರ ಒಂದು ಹೆಸರೂ ಸಿಗಲಿಲ್ಲ. ಸಾಕಷ್ಟು ಬಲ ಇರೋ ಎಂಜಿನ್ ಸಿಗದೆ ಮಾರುತ್ ಅಂದುಕೊಂಡಷ್ಟು ವೇಗ ಮುಟ್ಟಲಿಲ್ಲ, ಅದು ಎಲ್ಲರೂ ಬರೀತಾರೆ. ಆದರೆ ಆ ಮೈ, ಆ ರೆಕ್ಕೆ ಗಟ್ಟಿಯಾಗಿತ್ತು ಅಂತಲೂ ಅದೇ ಪುಟಗಳಲ್ಲಿ ಇದೆ. ಗಟ್ಟಿ ಮಾಡಿದ ಕೈಗಳು ಮಾತ್ರ ಇಲ್ಲ.

ನಮ್ಮ ದೇಶದಲ್ಲಿ ಕೈಯನ್ನ ಕೀಳು ಮಾಡಿದ್ದು ಯಾರು, ಯಾಕೆ ಅನ್ನೋದನ್ನ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾನೂ ಆ ರೋಗದಿಂದ ಪೂರ್ತಿ ಹೊರಗಿರಲಿಲ್ಲ. "ನನ್ನ ಮಗ ನನ್ನಂಗೆ ಗ್ಯಾರೇಜ್ ಸೇರಬಾರ್ದು" ಅಂತ ಅಪ್ಪ ಓದಿಸಿದ್ರು. ಓದಿದೆ, ಭಾಷಣ ಕಲಿತೆ, ದುಡಿಮೆಯ ಘನತೆ ಬಗ್ಗೆ ಗಂಟೆಗಟ್ಟಲೆ ಮಾತಾಡಿದೆ. ಐವತ್ತು ವರ್ಷ ಆಗೋತನಕ ಅಪ್ಪನ ಹತ್ತಿರ ಕೂತು, ಪುಟ್ಟಿ ಹೆಂಗೆ ಬಳೀತಾರೆ ಅಂತ ಮಾತ್ರ ಒಂದು ಸಲವೂ ಕೇಳಿರಲಿಲ್ಲ.

ಬಣ್ಣ ಬೆಳ್ಳಿಯದೇ ಬೇಕು ಅಂತ ಹಟ ಹಿಡಿದೆ. ಮೊದಮೊದಲಿನ ಮಾರುತ್‌ಗಳು ಹಾಗೇ ಇದ್ದವು. ಬೆಳ್ಳಿ ಬಣ್ಣದಷ್ಟು ಚಾಡಿಕೋರ ಇನ್ನೊಂದಿಲ್ಲ, ಒಳಗಿರೋ ಒಂದೊಂದು ಗೀರನ್ನೂ ಎತ್ತಿ ತೋರಿಸುತ್ತೆ. ಮೂರು ಸಲ ಹೊಡೆದೆ, ಎರಡು ಸಲ ಥಿನ್ನರಲ್ಲಿ ತೊಳೆದೆ. ಕೊನೆಗೆ ಚಿತ್ರಗಳನ್ನ ನೀರಲ್ಲಿ ನೆನೆಸಿ ಅಂಟಿಸೋದು. ಕೇಸರಿ, ಬಿಳಿ, ಹಸಿರಿನ ವಾಯುಪಡೆಯ ಚಕ್ರ ಒಂದು ನೀರಲ್ಲೇ ಎರಡು ಹೋಳಾಯ್ತು. ಹೋಳು ಜೋಡಿಸಿ ಅಂಟಿಸಿದ್ದೀನಿ. ಎಡ ರೆಕ್ಕೆಯ ಮೇಲೆ ಸರಿಯಾಗಿ ನೋಡಿದರೆ ಜೋಡಿಸಿದ ಗೆರೆ ಕಾಣುತ್ತೆ. ಇರಲಿ.

"ಅಣ್ಣ, ಯುದ್ಧ ವಿಮಾನವೇ ಯಾಕೆ?" ಅಂತ ಇಬ್ಬರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. 1971ರ ಯುದ್ಧದಲ್ಲಿ ಮಾರುತ್ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳಿಗೆ ಹೊಡೆಯಿತು, ಅಲ್ಲಿ ಸತ್ತವರೂ ಯಾರದ್ದೋ ಮನೆಯ ಮಕ್ಕಳೇ. ನನಗೆ ಯುದ್ಧದ ಮೇಲೆ ಪ್ರೀತಿ ಇಲ್ಲ. ಇದು ನನ್ನ ಕೈಗೆ ಬಂದ ಕಿಟ್, ಮತ್ತೆ ನಮ್ಮ ನೆಲದ ಕೆಲಸಗಾರರು ಕಟ್ಟಿದ ವಿಮಾನ. ಅದಕ್ಕಿಂತ ಚೆಂದದ ಕಾರಣ ನನ್ನ ಹತ್ತಿರ ಇಲ್ಲ.

ಬೈದ ಸಂಗಾತಿಗೆ ಒಂದು ಮಾತು. ಒಳಮೀಸಲಾತಿ ಬಗ್ಗೆ ಬರೀತೀನಿ, ಬರೀತಾನೂ ಇದ್ದೀನಿ. ಆದರೆ ಅನ್ಯಾಯ ಆದಾಗ ಕೂಗೋಕೆ ಮಾತ್ರ ನಾವಿರೋದಾ? ಯಾವ ಉಪಯೋಗಕ್ಕೂ ಬಾರದ ಒಂದು ಚೆಂದದ ವಸ್ತು ಮಾಡ್ತಾ, ಅಪ್ಪನ ಪಕ್ಕ ಕೂತು ಸಂಜೆ ಕಳೆಯೋದು ನಮಗೂ ಸೇರಬೇಕಾದ್ದು. ನಮ್ಮಪ್ಪನಿಗೆ ಅಂಥ ಸಂಜೆ ನಲವತ್ತು ವರ್ಷದ ದುಡಿಮೆಯಲ್ಲಿ ಸಿಗಲಿಲ್ಲ.

ವಿಮಾನ ಈಗ ನಮ್ಮ ಮನೇಲಿಲ್ಲ. ಕೇರಿಯ ಅಂಬೇಡ್ಕರ್ ಭವನದ ಓದೋ ಕೋಣೆಯಲ್ಲಿ, ಮಕ್ಕಳ ಕೈಗೆ ಎಟುಕೋ ಎತ್ತರದಲ್ಲಿ ಇಟ್ಟಿದ್ದೀನಿ. ಗಾಜಿನ ಪೆಟ್ಟಿಗೆ ಮಾಡಿಸೋಣ ಅಂದ್ರು ನಮ್ಮ ಹುಡುಗರು, ಬೇಡ ಅಂದೆ. ಇಟ್ಟ ಎರಡನೇ ದಿನಕ್ಕೇ ನಾಲ್ಕನೇ ಕ್ಲಾಸಿನ ಒಬ್ಬಳು ಎತ್ತಿ ಹಾರಿಸ್ತಾ ಮೂತಿಯ ಸೂಜಿಯಂಥ ಕಡ್ಡಿ ಮುರಿದಳು. ಭಯಕ್ಕೆ ಅಳ್ತಾ ಮನೆ ಹತ್ತಿರ ತಂದಳು. ಅಪ್ಪ ಜಗಲಿ ಮೇಲೆ ಕೂತಿದ್ರು. "ಅಳ್ಬೇಡ ಕನವ್ವ, ಬಾ ಇಲ್ಲಿ" ಅಂತ ಪಕ್ಕ ಕೂರಿಸಿಕೊಂಡು, ಅಂಟು ತರಿಸಿ, ಕಡ್ಡಿಯನ್ನ ಅವಳ ಕೈಗೇ ಕೊಟ್ರು. "ನನ್ ಕೈ ನಡುಗ್ತದೆ. ನೀನೇ ಹಿಡ್ದು ಕೂರ್ಸು" ಅಂದ್ರು.

ಸ್ವಲ್ಪ ಸೊಟ್ಟ ಕೂತಿದೆ. ನಾನು ಸರಿಮಾಡೋಕೆ ಹೋಗಿಲ್ಲ.

ನೀವೂ ಬಂದಾಗ ನೋಡಿ. ಮುಟ್ಟಿ ನೋಡಿ.

ಜೈ ಭೀಮ್.