ನಗದ ಮುಖದ ಇಂಜಿನಿಯರ್

ಹೋದ ಸೆಮಿಸ್ಟರ್‌ನಲ್ಲಿ ನಂಗೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಹೋಯ್ತು. ರಿಸಲ್ಟ್ ಬಂದ ರಾತ್ರಿ ನಿದ್ದೆ ಇಲ್ಲ. ರೂಮ್‌ಮೇಟ್ ಮಲಗಿದ್ದ, ಇಯರ್‌ಫೋನ್ ಕೆಟ್ಟಿತ್ತು. ಶಬ್ದವೇ ಇಲ್ಲದ ಸಿನಿಮಾ ಏನಾದ್ರೂ ಇದ್ಯಾ ಅಂತ ಹುಡುಕಿದಾಗ ಸಿಕ್ಕವನು ಬಸ್ಟರ್ ಕೀಟನ್.

1895ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಹುಟ್ಟಿದವನು. ಸಣ್ಣ ಹುಡುಗನಾಗಿದ್ದಾಗಲೇ ಅಪ್ಪ-ಅಮ್ಮನ ಜೊತೆ ಸ್ಟೇಜ್ ಹತ್ತಿದ. ಅಪ್ಪ ಅವನನ್ನು ಎತ್ತಿ ಎಸೆಯೋದೇ ಕಾಮಿಡಿ. ತಾನು ನಕ್ಕರೆ ಜನ ನಗೋದು ಕಮ್ಮಿ ಆಗುತ್ತೆ ಅಂತ ಆಗಲೇ ಗೊತ್ತಾಯ್ತಂತೆ. ಅಲ್ಲಿಂದ ಆ ಕಲ್ಲು ಮುಖ ಬಂತು. 1917ರಲ್ಲಿ ಮೊದಲ ಸಲ ಸ್ಟುಡಿಯೋಗೆ ಹೋದವನು ಕ್ಯಾಮೆರಾವನ್ನೇ ಬಿಚ್ಚಿ, ಒಳಗೆ ಏನಿದೆ ಅಂತ ನೋಡಿದ. ನಮ್ಮ ಜಾತಿಯವನೇ ಅನ್ನಿಸ್ತು!

'ಸ್ಟೀಮ್‌ಬೋಟ್ ಬಿಲ್ ಜೂನಿಯರ್' (1928) ಸಿನಿಮಾದಲ್ಲಿ ಬಿರುಗಾಳಿಗೆ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತೆ. ತೆರೆದ ಕಿಟಕಿ ಸರಿಯಾಗಿ ಅವನ ಮೇಲೆ ಬಂದಿದ್ದರಿಂದ ಬದುಕುತ್ತಾನೆ. ಗೋಡೆ ನಿಜವಾದ್ದೇ, ಬಹಳ ಭಾರದ್ದು. ಆಚೀಚೆ ಇದ್ದ ಜಾಗ ಕೆಲವೇ ಇಂಚು. ಲೆಕ್ಕ ತಪ್ಪಿದ್ದರೆ ಸಪ್ಲಿಮೆಂಟರಿ ಇರಲಿಲ್ಲ.

'ದಿ ಜನರಲ್'ಗಾಗಿ (1926) ಉರಿಯುವ ಸೇತುವೆ ಮೇಲಿಂದ ನಿಜವಾದ ರೈಲು ಇಂಜಿನ್ನನ್ನೇ ನದಿಗೆ ಬೀಳಿಸಿದ. ಒಂದೇ ಟೇಕ್. ಆದರೆ ಸಿನಿಮಾ ಓಡಲಿಲ್ಲ, ವಿಮರ್ಶಕರೂ ಬೈದರು. 1928ರಲ್ಲಿ ಎಂಜಿಎಂ ಸೇರಿದ ಮೇಲೆ ತನ್ನ ಸಿನಿಮಾಗಳ ಮೇಲೆ ಅವನ ಹಿಡಿತವೇ ತಪ್ಪಿತು. ಕುಡಿತ ಹೆಚ್ಚಾಯ್ತು, ಸಂಸಾರ ಮುರೀತು. ಒಂದು ಕಾಲಕ್ಕೆ ಸ್ಟಾರ್ ಆಗಿದ್ದ ಅದೇ ಸ್ಟುಡಿಯೋದಲ್ಲಿ, ಆಮೇಲೆ ಬೇರೆಯವರ ಸಿನಿಮಾಗಳಿಗೆ ಜೋಕ್ ಬರೆಯೋ ಕೆಲಸ ಮಾಡಿದ. ಆದ್ರೂ ಕೆಲಸ ಬಿಡಲಿಲ್ಲ. 1966ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಗೌರವ ಆಸ್ಕರ್ ಬಂದಿತ್ತು, ಜನ ಹಳೇ ಸಿನಿಮಾಗಳನ್ನ ಮತ್ತೆ ಹುಡುಕಿ ನೋಡ್ತಿದ್ದರು. ಸೋತಿದ್ದ 'ದಿ ಜನರಲ್' ಇವತ್ತು ಅವನ ಅತ್ಯುತ್ತಮ ಸಿನಿಮಾಗಳಲ್ಲಿ ಒಂದು.

ಆ ರಾತ್ರಿ ಬಾಯಿ ಮುಚ್ಕೊಂಡು ನಕ್ಕೆ. ನಗ್ತಾ ನಗ್ತಾ ಒಂದು ವಿಷಯ ಚುಚ್ಚಿತು. ಸಂಜೆ ಅಪ್ಪ ವಿಡಿಯೋ ಕಾಲ್ ಮಾಡಿ "ರಿಸಲ್ಟ್ ಏನಾಯ್ತೋ?" ಅಂದಾಗ ನಾನೂ ಅದೇ ಕಲ್ಲು ಮುಖ ಇಟ್ಕೊಂಡು "ಇನ್ನೂ ಬಂದಿಲ್ಲ" ಅಂದಿದ್ದೆ. ಕೀಟನ್‌ನ ಮುಖ ಬೇರೆಯವರನ್ನ ನಗಿಸೋಕೆ. ನಂದು ಬರೀ ಬಚ್ಚಿಟ್ಕೊಳ್ಳೋಕೆ.

ಬೆಳಿಗ್ಗೆ ನಾನೇ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಿಂಡಿ ತಿಂದ್ಯಾ?" ಅಂದರು.