ಬರಲಿ, ಬರಲಿಲ್ಲ

“ನಿಲ್ಸಿ, ನಿಲ್ಸಿ. ಆ ಸಾಲು ಇನ್ನೊಂದ್ಸಲ ಹಾಡಿ” ಎಂದರು ಅಕ್ಕ.

ಹಾಡಿದೆ. “ಈ ಸಲವೂ ಮಳೆ ಬರಲಿ” ಎಂದು ‘ಲಿ’ಯ ಮೇಲೆ ತುಸು ನಿಂತು, ಉಸಿರು ತೆಗೆದುಕೊಂಡು, ಉಳಿದ ‘ಲ್ಲ’ವನ್ನು ಮುಂದಿನ ಆವರ್ತದ ಮೇಲೆ ಇಳಿಸಿದೆ. ಆ ನಿಲುಗಡೆ ನನಗೆ ತುಂಬ ಇಷ್ಟವಾದ ಜಾಗ. ದುಃಖವೆಲ್ಲ ಅಲ್ಲೇ ಕೂತಿದೆ ಎಂದುಕೊಂಡಿದ್ದೆ.

ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದರು: “ಮೇಷ್ಟ್ರು ಬರೆದಿರೋದು ಮಳೆ ಬರಲಿಲ್ಲ ಅಂತ. ನೀವು ಹಾಡ್ತಿರೋದು ಮಳೆ ಬರಲಿ ಅಂತ.”

ಮೂರು ವಾರ ಆ ಹಾಡಿನ ಜೊತೆಯಲ್ಲೇ ಇದ್ದೆ. ಸ್ಕೂಟರಿನಲ್ಲಿ ಬ್ಯಾಂಕಿಗೆ ಹೋಗುವಾಗ ಗುನುಗಿದ್ದೆ. ಮನೆಯವರಿಗೆ ಕೇಳಿಸಿದ್ದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ರಾತ್ರಿ ದೀಪ ಆರಿಸಿ ಮತ್ತೆ ಮತ್ತೆ ಕೇಳಿದ್ದೆ. ಒಮ್ಮೆಯೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮುಂದೆ ಏನು ಬರುತ್ತದೆಂದು ಗೊತ್ತಿದ್ದುದರಿಂದ, ಗಂಟಲು ‘ಲಿ’ಯ ಮೇಲೆ ನಿಂತಿರುವಾಗಲೇ ಮನಸ್ಸು ‘ಇಲ್ಲ’ ಎಂದು ಮುಗಿಸಿಬಿಡುತ್ತಿತ್ತು. ಹಾಡು ಕಟ್ಟಿದವನಿಗೆ ಕೇಳಿಸುವುದು ತಾನು ಕಟ್ಟಬೇಕೆಂದುಕೊಂಡ ಹಾಡು. ಬಾಯಿಂದ ಹೊರಟ ಹಾಡು ಯಾವುದೆಂದು ಎದುರು ಕೂತವರೇ ಹೇಳಬೇಕು.

ನಾವು ತಿಂಗಳಿಗೊಂದು ಭಾನುವಾರ ಸಂಜೆ ಮೈಸೂರಿನ ಕುವೆಂಪುನಗರದ ಒಂದು ಮನೆಯ ಮಹಡಿಯಲ್ಲಿ ಸೇರುವ ಏಳೆಂಟು ಜನ. ಯಾರೂ ಸಂಗೀತದಿಂದ ಹೊಟ್ಟೆ ಹೊರೆಯುವವರಲ್ಲ. ಅಕ್ಕ ಬಡಾವಣೆಯ ಭಜನಾ ಮಂಡಳಿಗೆ ಹಾಡು ಹೇಳಿಕೊಡುವವರು, ಚಿಕ್ಕಂದಿನಲ್ಲಿ ವೀಣೆ ಕಲಿತವರು. ಮೇಷ್ಟ್ರು ಗುಂಡ್ಲುಪೇಟೆ ಕಡೆಯವರು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ವಿಮಾ ಕಚೇರಿಯ ಒಬ್ಬರು ತಬಲಾ ನುಡಿಸುತ್ತಾರೆ. ಮೊಬೈಲ್ ರಿಪೇರಿ ಅಂಗಡಿಯ ಹುಡುಗನೊಬ್ಬ ಕಂಪ್ಯೂಟರಿನಲ್ಲೇ ವಾದ್ಯಗಳನ್ನು ಜೋಡಿಸುತ್ತಾನೆ. ಪ್ರತಿಯೊಬ್ಬರೂ ಹೊಸತೊಂದು ಟ್ಯೂನ್ ತರಬೇಕು, ಹಾಡಬೇಕು, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಬೇಕು. ಕೊನೆಯದೇ ಕಷ್ಟ. ನನ್ನ ಟ್ಯೂನನ್ನು ಯಾರಾದರೂ ತಿದ್ದುವಾಗ ಸಮರ್ಥನೆ ನಾಲಿಗೆಯ ತುದಿಗೆ ಬಂದು ನಿಂತಿರುತ್ತದೆ. ಅದನ್ನು ಕಾಫಿಯ ಜೊತೆ ನುಂಗುವುದನ್ನು ಕಲಿಯಲು ವರ್ಷಗಳೇ ಬೇಕಾದವು.

ಅಂದು ಮೇಷ್ಟ್ರ ಹಾಡಿನಲ್ಲಿ ಆದದ್ದು ಲೆಕ್ಕದ ತಪ್ಪು. ನಾನು ಹಿಡಿದದ್ದು ಆರು ಮಾತ್ರೆಯ ದಾದ್ರಾ. ‘ಈ ಸಲವೂ’ ಎಂಬಲ್ಲಿ ಸರಿಯಾಗಿ ಆರು ಮಾತ್ರೆ: ‘ಈ’ ಎರಡು, ‘ಸಲ’ ಎರಡು, ‘ವೂ’ ಎರಡು. ಒಂದು ಆವರ್ತ ತುಂಬಿತು. ಮುಂದಿನ ಆರಕ್ಕೆ ‘ಮಳೆ’ ಎರಡು, ‘ಬರ’ ಎರಡು, ‘ಲಿಲ್’ ಎರಡು. ಆವರ್ತ ಮುಗಿದುಹೋಯಿತು, ಕೊನೆಯ ‘ಲ’ ಹೊರಗುಳಿಯಿತು. ತಾಳಕ್ಕೆ ಯಾವ ತಕರಾರೂ ಇಲ್ಲ. ಒತ್ತಕ್ಷರ ನಡುವೆ ಸೀಳಿ, ಮಾತು ಮಾತ್ರ ಎರಡು ತುಂಡಾಯಿತು. ಕನ್ನಡ ಇಂಥ ಕಡೆ ಕ್ಷಮಿಸುವ ಭಾಷೆಯಲ್ಲ. ಹ್ರಸ್ವವನ್ನು ಒಂದು ಮಾತ್ರೆ ಎಳೆದರೆ ಬಳೆ ಬಾಳೆಯಾಗುತ್ತದೆ, ಮರ ಮಾರನಾಗುತ್ತಾನೆ. ಉಸಿರು ತಪ್ಪು ಜಾಗದಲ್ಲಿ ತೆಗೆದರೆ ಇಲ್ಲ ಎಂಬುದು ಹೌದಾಗುತ್ತದೆ.

ಪರಿಹಾರ ಹೇಳಿದವರು ತಬಲಾದವರು. “ಸಾರ್, ‘ಈ’ಯನ್ನ ಸಮದ ಮೇಲೆ ಇಡಬೇಡಿ, ಎರಡು ಮಾತ್ರೆ ಮುಂಚೇನೇ ಎತ್ಕೊಳ್ಳಿ. ಸಮ ‘ಸ’ಕ್ಕೆ ಬೀಳಲಿ.” ಸಮವೆಂದರೆ ಆವರ್ತದ ಮೊದಲ ಮಾತ್ರೆ. ಅದಕ್ಕೂ ಮೊದಲೇ ಹಾಡು ಹೊರಡುವುದು ಅತೀತದ ಎತ್ತುಗಡೆ. ಹಾಗೆ ಮಾಡಿದ ಕೂಡಲೇ ‘ಸಲವೂ ಮಳೆ’ ಒಂದು ಆವರ್ತದೊಳಗೆ ಕೂತಿತು, ಮುಂದಿನ ಸಮ ನೇರವಾಗಿ ‘ಬ’ದ ಮೇಲೆ ಬಿದ್ದು ‘ಬರಲಿಲ್ಲ’ ಇಡಿಯಾಗಿ ಇನ್ನೊಂದರೊಳಗೆ ಬಂತು. ಎರಡು ಮಾತ್ರೆ ಸರಿಸಿದ್ದಷ್ಟೇ. ಸಾಲಿನ ಭಾರವೆಲ್ಲ ಈಗ ಆ ಕ್ರಿಯಾಪದದ ಮೇಲೆ. ಬೆಳೆ ಒಣಗಿದ ಹೊಲದ ಎದುರು ನಿಂತವನೊಬ್ಬ ಸುಮ್ಮನೆ ಹೇಳುವ ಮಾತಿನ ಹಾಗೆ ಕೇಳಿಸಿತು.

“ಚೆನ್ನಾಗಿದೆ” ಎಂಬ ಮಾತಿನಿಂದ ನನ್ನ ಯಾವ ಹಾಡೂ ಒಂದು ಹೆಜ್ಜೆ ಮುಂದೆ ಹೋಗಿಲ್ಲ. “ಚೆನ್ನಾಗಿಲ್ಲ” ಎಂಬುದೂ ಅಷ್ಟೆ. ಎಲ್ಲಿ, ಯಾವ ಅಕ್ಷರದ ಮೇಲೆ, ಎಷ್ಟು ಮಾತ್ರೆ ಎಂದು ಬೆರಳಿಟ್ಟು ತೋರಿಸುವವರು ಸಿಕ್ಕರೆ ಅದು ಪುಣ್ಯ. ಹಾಗೆ ತೋರಿಸಬೇಕಾದರೆ ಅವರು ನಮ್ಮ ಹಾಡನ್ನು ನಮ್ಮಷ್ಟೇ ಆಸ್ಥೆಯಿಂದ, ನಮಗಿಂತ ನಿರ್ಮಮವಾಗಿ ಕೇಳಿರಬೇಕು.

13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ವಾಗ್ಗೇಯಕಾರನ ಲಕ್ಷಣಗಳನ್ನು ಹೇಳುತ್ತಾನೆ. ಸಾಹಿತ್ಯ ‘ಮಾತು’, ಸ್ವರರೂಪ ‘ಧಾತು’. ಎರಡನ್ನೂ ಬಲ್ಲವನು ವಾಗ್ಗೇಯಕಾರ. ಮಾತು ರಮ್ಯವಾಗಿದ್ದು ಧಾತು ಮಂದವಾದರೆ ಅವನು ಅಧಮ ಎನ್ನುವಷ್ಟು ಕಟ್ಟುನಿಟ್ಟು. ವ್ಯಾಕರಣ, ಛಂದಸ್ಸು, ತಾಳ, ದೇಶೀ ರಾಗಗಳು ಎಂದು ಪಟ್ಟಿ ಬೆಳೆಯುತ್ತದೆ. ಅದರ ನಡುವೆ ಥಟ್ಟನೆ ಬೇರೆ ಬಗೆಯ ಗುಣಗಳು ಬರುತ್ತವೆ: ರೋಷ ದ್ವೇಷಗಳನ್ನು ಬಿಟ್ಟಿರುವುದು, ಮನಸ್ಸು ಆರ್ದ್ರವಾಗಿರುವುದು, ಉಚಿತವನ್ನು ಅರಿತಿರುವುದು, ಎಂಜಲಾಗದ ಮಾತು, ಹೊಸದಾದ ಧಾತು, ಪರರ ಚಿತ್ತವನ್ನು ಬಲ್ಲ ಶಕ್ತಿ. ಲಕ್ಷಣಗ್ರಂಥದಲ್ಲಿ ರೋಷದ ಮಾತೇಕೆ ಎಂದು ಮೊದಲು ಓದಿದಾಗ ಅನಿಸಿತ್ತು. ನಮ್ಮ ಭಾನುವಾರಗಳಲ್ಲಿ ಕೂತ ಮೇಲೆ ಅನಿಸಲಿಲ್ಲ. ನಮ್ಮ ಸ್ವರವನ್ನು ಇನ್ನೊಬ್ಬರು ಮುಟ್ಟಿದಾಗ ಮೈಯಲ್ಲಿ ಏಳುವ ಬಿಸಿಯನ್ನು ಆ ಪಂಡಿತ ಕಂಡಿದ್ದಿರಬೇಕು.

ನಮ್ಮ ಮೈಸೂರಿನ ಅರಸರಲ್ಲೂ ಒಬ್ಬ ವಾಗ್ಗೇಯಕಾರರಿದ್ದರು: ಜಯಚಾಮರಾಜ ಒಡೆಯರು 94 ಕೃತಿಗಳನ್ನು ರಚಿಸಿದರು. ಅವರಿಗೆ ಕರ್ನಾಟಕ ಸಂಗೀತದ ಗುರುಗಳಾಗಿದ್ದವರು ಮೈಸೂರು ವಾಸುದೇವಾಚಾರ್ಯರು. ಅರಮನೆಯ ಮುಂದೆ ಹೋಗುವಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ: ಅರಸರು ಹೊಸ ಕೃತಿ ಹಾಡಿದರೆ, ಇಲ್ಲಿ ಸಂಚಾರ ಸರಿಯಿಲ್ಲ ಪ್ರಭು ಎನ್ನುವ ಸಲಿಗೆ ಗುರುವಿಗಲ್ಲದೆ ಇನ್ನಾರಿಗಿದ್ದೀತು? ಆ ಒಂದು ಸಲಿಗೆಯ ಮಟ್ಟಿಗೆ ನಾವು ಏಳೆಂಟು ಜನ ಶ್ರೀಮಂತರು.

ಶಾರ್ಙ್ಗದೇವ ಹೇಳುವ ಎಂಜಲಿನ ಮಾತಿಗೆ ಬಂದರೆ, ನಾನು ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಹೋದ ವರ್ಷ ಮೊಬೈಲ್ ಅಂಗಡಿಯ ಹುಡುಗ ಮೋಹನದಲ್ಲಿ ಒಂದು ಟ್ಯೂನ್ ತಂದಿದ್ದ. ಕೊಳಲಿನ ಬಿಟ್, ತಂತಿವಾದ್ಯ, ಎಲ್ಲ ಸೇರಿಸಿ ಟ್ರ್ಯಾಕನ್ನೇ ಸಿದ್ಧ ಮಾಡಿದ್ದ. ಪಲ್ಲವಿ ಮುಗಿಯುತ್ತಿದ್ದ ಹಾಗೆ ನಾನು, “ಇದನ್ನ ಎಲ್ಲೋ ಕೇಳಿದೀನಲ್ಲಪ್ಪ” ಎಂದೆ. ಒಂದಿಬ್ಬರು ಹೌದು ಹೌದು ಎಂದರು. ಅವನು ತಲೆಯಾಡಿಸಿ ಲ್ಯಾಪ್‌ಟಾಪ್ ಮುಚ್ಚಿದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.

ಕೊನೆಗೆ ಅವನ ಅಂಗಡಿಗೇ ಹೋದೆ. ಯಾರದೋ ಫೋನಿನ ಗಾಜು ಬಿಚ್ಚಿಕೊಂಡು ಕೂತಿದ್ದ. ತಲೆಯೆತ್ತದೆ ಹೇಳಿದ: “ಯಾವ ಹಾಡು ಅಂತ ಹೇಳಿದ್ರೆ ಸರಿಹೋಗ್ತಿತ್ತು ಸಾರ್. ಎರಡು ತಿಂಗಳು ಹುಡುಕಿದೆ. ಸಿಗಲಿಲ್ಲ.”

ಆ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅಂಥ ಹಾಡೇ ಇರಲಿಲ್ಲ. ನಾನು ಕೇಳಿದ್ದೆನೆಂದು ಅಂದುಕೊಂಡದ್ದು ಮೋಹನ ರಾಗವನ್ನು. ಐದೇ ಸ್ವರಗಳ ರಾಗ ಅದು. ಗಾಂಧಾರದಿಂದ ಪಂಚಮಕ್ಕೆ, ಧೈವತ ಮುಟ್ಟಿ ಹಿಂದಕ್ಕೆ, ಹೀಗೆ ಓಡಾಡುವ ದಾರಿಗಳು ಬೆರಳೆಣಿಕೆಯಷ್ಟು. ಆ ದಾರಿಗಳು ಯಾರೊಬ್ಬರ ಸ್ವತ್ತೂ ಅಲ್ಲ, ರಾಗದ ಸ್ವತ್ತು. ಅಲ್ಲಿ ನಡೆದವರೆಲ್ಲ ಒಬ್ಬರಂತೊಬ್ಬರು ಕಾಣುತ್ತಾರೆ. ಎಂಜಲು ಯಾವುದು, ರಾಗದ ಸಹಜ ನಡೆ ಯಾವುದು ಎಂದು ಬೇರ್ಪಡಿಸಿ ನೋಡುವ ತಾಳ್ಮೆ ನನಗಿರಬೇಕಿತ್ತು. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟಳೆ: ಎಲ್ಲೋ ಕೇಳಿದ್ದೇನೆ ಎನ್ನುವವರು ಆ ಹಾಡನ್ನು ಅಲ್ಲೇ ಹಾಡಿ ತೋರಿಸಬೇಕು. ಆಗದಿದ್ದರೆ ಆ ಮಾತನ್ನೇ ಆಡಬಾರದು. ಹುಡುಗ ಮತ್ತೆ ಬರತೊಡಗಿದ. ಬಂದರೂ ಬಾಗಿಲ ಹತ್ತಿರವೇ ಕೂರುತ್ತಿದ್ದ.

ಇಡೀ ನಾಡೇ ಟ್ಯೂನೊಂದರ ಬಗ್ಗೆ ಮಾತಾಡಿದ್ದೂ ಉಂಟಲ್ಲ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಹಾಡಬೇಕಾದ ಧಾಟಿ ಮೈಸೂರು ಅನಂತಸ್ವಾಮಿಯವರದೋ ಸಿ. ಅಶ್ವತ್ಥರದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಗೊತ್ತುಮಾಡಿತು. ಆ ಹೊತ್ತಿಗೆ ಇಬ್ಬರೂ ನಮ್ಮ ಜೊತೆ ಇರಲಿಲ್ಲ. ಆ ಚರ್ಚೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಹೆಚ್ಚಾಗಿ ಯಾರದು ಎಂಬ ಮಾತು. ಒಂದೇ ಪದ ಈ ಧಾಟಿಯಲ್ಲಿ ಹೇಗೆ ಕೂತಿದೆ, ಆ ಧಾಟಿಯಲ್ಲಿ ಹೇಗೆ ಎಂದು ಅಕ್ಷರ ಅಕ್ಷರ ಬಿಡಿಸಿ ನೋಡಿದ್ದರೆ ಊರೂರಿನ ಶಾಲೆಗಳಿಗೆ ಸ್ವರ ಹಾಕುವ ಕಲೆಯ ಪಾಠವೇ ಸಿಗುತ್ತಿತ್ತು. ಕ್ಯಾಸೆಟ್ಟಿನ ಕಾಲದಲ್ಲಿ ಬೆಳೆದ ನಾನು ಈ ಇಬ್ಬರ ಹಾಡುಗಳನ್ನೂ ರಿವೈಂಡ್ ಮಾಡಿ ಮಾಡಿ ಟೇಪು ಸವೆಸಿದವನು. ಮಾತಿಗೂ ಧಾತುವಿಗೂ ನಂಟು ಬೆಸೆಯುವುದನ್ನು ಕಲಿತದ್ದೇ ಅವರಿಂದ.

ಮಳೆಯ ಹಾಡಿಗೆ ಮತ್ತೆ ಬರುತ್ತೇನೆ. ಮೇಷ್ಟ್ರು ಅದನ್ನು ಬರೆದದ್ದು 2023ರಲ್ಲಿ. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳಿಗೆ ಬರ ಬಡಿದ ವರ್ಷ ಅದು. ಅವರ ಊರಿನ ಹೊಲದಲ್ಲಿ ಬಿತ್ತಿದ್ದು ಮೇಲೇಳಲಿಲ್ಲ. ಟ್ಯೂನ್ ಕಟ್ಟುವಾಗ ನಾನು ಶೋಕದ ರಾಗವಾದ ಶಿವರಂಜನಿ ಹಿಡಿದದ್ದೂ ಅದಕ್ಕೇ. ಎತ್ತುಗಡೆ ತಿದ್ದಿಕೊಂಡು ಮುಂದಿನ ತಿಂಗಳು ಮತ್ತೆ ಹಾಡಿದೆ. ಎಲ್ಲರೂ ಒಪ್ಪಿದರು. ಮೇಷ್ಟ್ರು ಮಾತ್ರ ಏನೋ ಯೋಚಿಸುತ್ತ ಕೂತಿದ್ದವರು, “ಹೋದ ಸಲ ನೀವು ತಪ್ಪು ಹಾಡಿದ್ರಲ್ಲ, ಅದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ” ಎಂದರು. “ಬರಲಿಲ್ಲ ಅನ್ನೋದರೊಳಗೆ ಬರಲಿ ಇದೆ. ಅದಕ್ಕೂ ಒಳಗೆ ಬರ ಇದೆ. ಬರೆದವನು ನಾನು. ನನಗೇ ಕಂಡಿರಲಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಾಗಿಲ ಹತ್ತಿರದಿಂದ ಹುಡುಗನ ದನಿ ಬಂತು: “ಸಾರ್, ಕೊನೇ ಸಲ ಹಾಡೋವಾಗ ಆ ‘ಲ್ಲ’ನ ಬಿಟ್ಟೇ ಬಿಡೋಣ. ಬರಲಿ ಅಂತಾನೇ ನಿಲ್ಸೋಣ. ಗಾಂಧಾರ ಬದಲಾಯಿಸಿ.”

ಅವನೇ ಎದ್ದು ಬಂದು ಹಾರ್ಮೋನಿಯಂ ಮುಂದೆ ಕೂತ. ನನ್ನ ಶ್ರುತಿ ಬಿಳಿ ಒಂದು. ಶಿವರಂಜನಿಯ ಗಾಂಧಾರ ಕಪ್ಪು ಮನೆ. ಪಕ್ಕದ ಬಿಳಿ ಮನೆ ಒತ್ತಿದರೆ ಅಂತರ ಗಾಂಧಾರ. ಉಳಿದ ನಾಲ್ಕು ಸ್ವರಗಳು ಇದ್ದಲ್ಲೇ ಇರುತ್ತವೆ, ಶಿವರಂಜನಿ ಮೋಹನವಾಗುತ್ತದೆ. ಅವನದೇ ಮೋಹನ. ಶಾಸ್ತ್ರೀಯ ಕಛೇರಿಯಲ್ಲಿ ಹೀಗೆ ಮಾಡಿದರೆ ಹುಬ್ಬೇರಿಸುವವರಿರಬಹುದು, ಸುಗಮ ಸಂಗೀತದಲ್ಲಿ ಅದಕ್ಕೆ ಎಡೆಯಿದೆ. ಎರಡು ಸಲ ‘ಬರಲಿಲ್ಲ’ ಎಂದು ಪಂಚಮದಿಂದ ಷಡ್ಜಕ್ಕೆ ಇಳಿದೆ. ಮೂರನೆಯ ಸಲ ‘ಬರ’ ಎಂದು ಪಂಚಮದಲ್ಲಿದ್ದು, ‘ಲಿ’ ಎನ್ನುವಾಗ ಅವನ ಬೆರಳು ಕಪ್ಪು ಮನೆಯನ್ನು ದಾಟಿ ಬಿಳಿಯ ಮೇಲೆ ನಿಂತಿತು. ನಾನೂ ಅಲ್ಲೇ ನಿಂತೆ. ತಬಲಾದವರು ಕೈ ಎತ್ತಿಬಿಟ್ಟರು. ತಿದಿಯಲ್ಲಿದ್ದ ಗಾಳಿ ಮುಗಿಯುವ ತನಕ ಆ ಒಂದು ಸ್ವರ ಮಹಡಿಯ ತುಂಬ ಇತ್ತು.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ತೊಡೆಯ ಮೇಲಿದ್ದ ನೋಟ್‌ಬುಕ್ಕಿನಲ್ಲಿ ಕವಿತೆಯ ಕೊನೆಗೆ ಒಂದು ಸಾಲು ಬಿಟ್ಟು ಒಂದೇ ಪದ ಬರೆದರು.

“ಸರಿ, ಇನ್ನು ಎರಡನೇ ಚರಣ ಹಾಡಿ” ಎಂದರು ಅಕ್ಕ. “ಅಲ್ಲಿ ಉಸಿರು ಇನ್ನೂ ಸರಿಹೋಗಿಲ್ಲ.”